ಗಾಳಿಬೀಡು ರಸ್ತೆಯ ಹೋಂಸ್ಟೇಯಲ್ಲಿ ಬೆಳಗಿನ ಐದೂವರೆಯ ಡ್ರಾಫ್ಟ್: ಅಡುಗೆಮನೆಗೆ ಪೂರ್ಣ ಅಂಕ, ಪರದೆಗೆ ಅರ್ಧ

ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ರಸ್ತೆಯಲ್ಲಿ, ಕಾಫಿ ತೋಟದ ನಡುವೆ ಇರುವ ಈ ಹೋಂಸ್ಟೇಯಲ್ಲಿ ನಾನು 2025ರ ಏಪ್ರಿಲ್ 24 ಮತ್ತು 25ರಂದು ಎರಡು ರಾತ್ರಿ ತಂಗಿದ್ದೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಾಂದಲಪಟ್ಟಿಯ ಮಂಜು, ಅಬ್ಬಿ ಜಲಪಾತ ಎಂದು ಬರುತ್ತಾರೆ. ನಾನು ಬಂದದ್ದು ಅಮೆರಿಕನ್ ಫುಟ್‌ಬಾಲ್‌ನ ಡ್ರಾಫ್ಟ್ ನೋಡುವುದಕ್ಕೆ. ಮನೆಯ ಯಜಮಾನರು ಸೇನೆಯಿಂದ ನಿವೃತ್ತರಾದವರು, ಒಂದು ಕಾಲಕ್ಕೆ ತಮ್ಮ ಕುಟುಂಬದ ಹಾಕಿ ತಂಡದ ಸೆಂಟರ್ ಹಾಫ್. ಅವರ ಮಗ ಫಿಲಡೆಲ್ಫಿಯಾದಲ್ಲಿ ಕೆಲಸದಲ್ಲಿದ್ದಾನೆ. ಅವನಿಂದ ತಗುಲಿದ ಈ ಹುಚ್ಚನ್ನು ತಂದೆ ನಡುಮನೆಗೆ ಪ್ರೊಜೆಕ್ಟರ್ ತಂದಿಡುವಷ್ಟು ಬೆಳೆಸಿಕೊಂಡಿದ್ದಾರೆ. ಮೊದಲ ಸುತ್ತು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇಯಲ್ಲಿ ಗುರುವಾರ ರಾತ್ರಿ ನಡೆದರೆ ನಮಗೆ ಅದು ಶುಕ್ರವಾರ ಬೆಳಗಿನ ಐದೂವರೆ. ಆ ಹೊತ್ತಿನಲ್ಲಿ ಅತಿಥಿಗಳಿಗೆ ಬಾಗಿಲು ತೆರೆದು, ಬೆಲ್ಲದ ಕಾಫಿ ಕೊಟ್ಟು, ಚರ್ಚೆಗೂ ಕೂರುವ ಮನೆ ಜಿಲ್ಲೆಯಲ್ಲಿ ಇನ್ನೊಂದಿದ್ದರೆ ನಾನು ಕಂಡಿಲ್ಲ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ಡ್ರಾಫ್ಟ್ ಎಂದರೆ ಕಾಲೇಜು ಆಟ ಮುಗಿಸಿದ ಹುಡುಗರನ್ನು 32 ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮ. ಏಳು ಸುತ್ತುಗಳಿರುತ್ತವೆ, ಈ ಸಲ ಒಟ್ಟು 257 ಆಯ್ಕೆಗಳಿದ್ದವು. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ನರಿಗೆ ಕೊನೆಯದು. ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿಯನ್ನು 40–22ರಿಂದ ಸೋಲಿಸಿ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿದ್ದ ಫಿಲಡೆಲ್ಫಿಯಾ ಈಗಲ್ಸ್‌ಗೆ ಹೀಗಾಗಿ 32ನೆಯ ಸರದಿ ಬಂದಿತ್ತು. ಅಲ್ಲಿಯವರೆಗೆ ಕಾಯಲು ನಮಗೆ ಮೂರೂವರೆ ಗಂಟೆಗೂ ಹೆಚ್ಚು ಹೊತ್ತು ಹಿಡಿಯಿತು. ಆ ಹೊತ್ತನ್ನು ತುಂಬಿದ್ದು ಒಂದೇ ಪ್ರಶ್ನೆ: ಅಲಬಾಮಾ ವಿಶ್ವವಿದ್ಯಾಲಯದ ಜಿಹಾದ್ ಕ್ಯಾಂಪ್‌ಬೆಲ್ ಎಂಬ ಬಹುಮುಖಿ ಲೈನ್‌ಬ್ಯಾಕರ್ (ರಕ್ಷಣೆಯ ನಡುಸಾಲಿನ ಆಟಗಾರ) ಅಷ್ಟು ದೂರ ಉಳಿದರೆ ಈಗಲ್ಸ್ ಅವನನ್ನು ತೆಗೆದುಕೊಳ್ಳಬೇಕೇ?

ಪರದೆಯ ದೂರನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಕಾರಣ ಅದೇ. ಐದೂವರೆಗೆ ಗೋಡೆಯ ಮೇಲೆ ಚಿತ್ರ ಸೊಗಸಾಗಿಯೇ ಮೂಡಿತ್ತು. ಆರೂವರೆ ದಾಟುತ್ತಿದ್ದಂತೆ ಪೂರ್ವದ ಎರಡು ಕಿಟಕಿಗಳಿಂದ ಬೆಳಕು ನುಗ್ಗಿ, ಆಟಗಾರರ ಎತ್ತರ, ತೂಕ, ಓಟದ ವೇಗ ತೋರಿಸುವ ಅಕ್ಷರಗಳು ಗೋಡೆಯ ಸುಣ್ಣದಲ್ಲಿ ಕರಗಿಹೋದವು. ಯಜಮಾನರು ಒಂದು ಕಿಟಕಿಗೆ ಕಂಬಳಿ ಕಟ್ಟಿದರು. ಇನ್ನೊಂದಕ್ಕೆ ಕಟ್ಟಲು ಮೊಳೆ ಇರಲಿಲ್ಲ. ಬೆಳಗಿನ ಕಾರ್ಯಕ್ರಮಕ್ಕೆಂದೇ ಪ್ರೊಜೆಕ್ಟರ್ ಇಟ್ಟವರು ದಪ್ಪ ಪರದೆ ಹೊಲಿಸದಿರುವುದು ಸಣ್ಣ ಮರೆವಲ್ಲ. ಏಳು ಗಂಟೆಯ ನಂತರ ನಮಗೆ ಉಳಿದದ್ದು ಧ್ವನಿ ಮಾತ್ರ, ಅಂದರೆ ಹೆಚ್ಚೂಕಡಿಮೆ ರೇಡಿಯೊ.

ಆಗ ಅವರು ಒಳಗಿನಿಂದ ಒಣಗಿದ ಚೆರಿ ಕಾಫಿಯನ್ನು ಒಂದು ಬಟ್ಟಲಲ್ಲಿ ತಂದು, ಮೇಜಿನ ಮೇಲೆ ಹನ್ನೊಂದು ಮಂದಿಯ ರಕ್ಷಣಾ ಪಡೆಯನ್ನು ಜೋಡಿಸಿದರು. ಎದುರಾಳಿಗೆ ಮೈಕೊಟ್ಟು ನಿಲ್ಲುವ ಮುಂಸಾಲಿಗೆ ನಾಲ್ಕು ಕಾಳು, ಪಾಸ್ ಹಿಡಿಯಲು ಓಡುವವರನ್ನು ಕಾಯುವ ಹಿಂಸಾಲಿಗೆ ಐದು, ನಡುವೆ ಲೈನ್‌ಬ್ಯಾಕರ್‌ಗಳೆಂದು ಎರಡು ಏಲಕ್ಕಿ. ಮೈಸೂರಿನಿಂದ ಬಂದಿದ್ದ ಎಂಜಿನಿಯರ್ ದಂಪತಿಗೆ ಆಟ ಹೊಸದು; ಅವರಿಗೆ ಅರ್ಥವಾಗಲೆಂದು ಯಜಮಾನರು, “ಹಾಕಿಯ ಹಾಫ್ ಲೈನ್ ಇದ್ದ ಹಾಗೆ. ಮುಂದಿನವರು ಸೋತದ್ದನ್ನೂ ಹಿಂದಿನವರು ಕಾಣದ್ದನ್ನೂ ಇವನೇ ನೋಡಿಕೊಳ್ಳಬೇಕು” ಎಂದರು. ಚೆಂಡು ಹೊತ್ತು ನುಗ್ಗುವವನನ್ನು ಕೆಡವುವುದು, ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವ ಮುನ್ನ ಅವನ ಮೇಲೆರಗುವುದು, ಹಿಂದೆ ಸರಿದು ಪಾಸ್ ತಡೆಯುವುದು, ಈ ಮೂರೂ ಲೈನ್‌ಬ್ಯಾಕರ್‌ನ ಕೆಲಸಗಳೇ ಆದರೂ ಮೂರನ್ನೂ ಒಂದೇ ಮಟ್ಟದಲ್ಲಿ ಮಾಡುವವರು ವಿರಳ. ಅನಂತರ ಅವರು ಒಂದು ಏಲಕ್ಕಿಯನ್ನು ತೆಗೆದು ಆ ಜಾಗದಲ್ಲಿ ಜಾಯಿಕಾಯಿ ಇಟ್ಟರು. ಅದು ಕ್ಯಾಂಪ್‌ಬೆಲ್. ಆರಡಿ ಮೂರಂಗುಲ, 235 ಪೌಂಡ್ ತೂಕ, 40 ಗಜವನ್ನು 4.52 ಸೆಕೆಂಡಿನಲ್ಲಿ ಓಡಿದವನು. 2024ರ ಋತುವಿನಲ್ಲಿ 117 ಟ್ಯಾಕಲ್ (ಚೆಂಡು ಹೊತ್ತವನನ್ನು ಕೆಡವಿದ್ದು), ಐದು ಸ್ಯಾಕ್ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದ್ದು). ಜಾಯಿಕಾಯಿ ಸಾಲಿನ ನಡುವೆಯೂ ನಿಂತಿತು, ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವವರು ನಿಲ್ಲುವ ಅಂಚಿಗೂ ಉರುಳಿತು.

ನನ್ನ ಆಕ್ಷೇಪ ಆ ಉರುಳುವುದರ ಬಗ್ಗೆಯೇ ಇತ್ತು. 2020ರಲ್ಲಿ ಅರಿಝೋನಾ ಕಾರ್ಡಿನಲ್ಸ್ ತಂಡ ಕ್ಲೆಮ್ಸನ್‌ನ ಐಸಯಾ ಸಿಮನ್ಸ್‌ನನ್ನು ಎಂಟನೆಯ ಆಯ್ಕೆಯಾಗಿ ತೆಗೆದುಕೊಂಡಾಗ ಎಲ್ಲರೂ ಹೊಗಳಿದ್ದು ಅವನು ಎಲ್ಲಿ ಬೇಕಾದರೂ ಆಡಬಲ್ಲನೆಂದು. ಅವನು ಕಾಲೇಜಿನ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಸಲ್ಲುವ ಬಟ್‌ಕಸ್ ಪ್ರಶಸ್ತಿ ಗೆದ್ದವನು, 40 ಗಜವನ್ನು 4.39 ಸೆಕೆಂಡಿನಲ್ಲಿ ಮುಗಿಸಿದವನು. ಒಮ್ಮೆ ನಡುವೆ, ಒಮ್ಮೆ ಹಿಂದೆ, ಒಮ್ಮೆ ಪಕ್ಕಕ್ಕೆ ಎಂದು ಅವನನ್ನು ಸರಿಸುತ್ತಲೇ ಹೋದ ಆ ತಂಡ 2023ರ ಆಗಸ್ಟ್‌ನಲ್ಲಿ ಅವನನ್ನು ನ್ಯೂಯಾರ್ಕ್ ಜೈಂಟ್ಸ್‌ಗೆ ಒಂದೇ ಒಂದು ಏಳನೆಯ ಸುತ್ತಿನ ಆಯ್ಕೆಗೆ ಬಿಟ್ಟುಕೊಟ್ಟಿತು. ಚಿನ್ನದ ಬೆಲೆಗೆ ಕೊಂಡದ್ದನ್ನು ಗುಜರಿಗೆ ಹಾಕಿದಂತೆ. ಆ ಹುಡುಗನಲ್ಲಿ ಕೊರತೆಯಿತ್ತೆಂದು ನಾನು ಹೇಳಲಾರೆ. ಅವನ ಮೊದಲ ಕೆಲಸ ಯಾವುದೆಂದು ಕೊಂಡವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಮೊದಲ ಹತ್ತರೊಳಗಿನ ಆಯ್ಕೆಯನ್ನು “ಎಲ್ಲದಕ್ಕೂ ಆಗುತ್ತಾನೆ” ಎಂಬ ಒಂದೇ ಕಾರಣಕ್ಕೆ ಖರ್ಚು ಮಾಡಬಾರದೆಂಬುದು ನನ್ನ ವಾದ.

ಯಜಮಾನರು ಒಪ್ಪಲಿಲ್ಲ. “ಹಾಗಾದರೆ ಪಾರ್ಸನ್ಸ್‌ನನ್ನು ಏನೆನ್ನುತ್ತೀರಿ ಸರ್?” ಎಂದು ಕೇಳಿ, ಜಾಯಿಕಾಯಿಯನ್ನು ಬೆರಳಲ್ಲಿ ಅಂಚಿಗೆ ತಳ್ಳಿದರು. ಮೈಕಾ ಪಾರ್ಸನ್ಸ್‌ನನ್ನು 2021ರಲ್ಲಿ ಡಲ್ಲಾಸ್ ಕೌಬಾಯ್ಸ್ 12ನೆಯ ಆಯ್ಕೆಯಾಗಿ ತೆಗೆದುಕೊಂಡದ್ದು ನಡುವಿನ ಲೈನ್‌ಬ್ಯಾಕರ್ ಎಂದೇ. ಮೊದಲ ಪಂದ್ಯದ ಬಳಿಕ ಅಂಚಿನಲ್ಲಿ ಆಡುತ್ತಿದ್ದ ಡಿಮಾರ್ಕಸ್ ಲಾರೆನ್ಸ್ ಗಾಯಗೊಂಡಾಗ ಆ ಜಾಗಕ್ಕೆ ಪಾರ್ಸನ್ಸ್‌ನನ್ನು ನಿಲ್ಲಿಸಿದರು, ಅವನು ಆ ಋತುವಿನಲ್ಲಿ 13 ಸ್ಯಾಕ್ ಮಾಡಿ ವರ್ಷದ ಅತ್ಯುತ್ತಮ ಹೊಸ ರಕ್ಷಣಾ ಆಟಗಾರನೆನಿಸಿಕೊಂಡ. ಯಾರೂ ಯೋಜಿಸಿರಲಿಲ್ಲ, ಬಹುಮುಖಿಯಾಗಿದ್ದುದರಿಂದಲೇ ಆ ಬಾಗಿಲು ತೆರೆಯಿತು ಎಂಬುದು ಅವರ ಮಾತು. ಇದಕ್ಕೆ ನಾನು ಕೊಟ್ಟ ಉತ್ತರ ಆಗ ಅಷ್ಟು ಗಟ್ಟಿಯಾಗಿರಲಿಲ್ಲವೆಂದು ಒಪ್ಪುತ್ತೇನೆ. ಈಗ ಕೂತು ಬರೆಯುವಾಗ ತೋರುವುದೇನೆಂದರೆ, ಪಾರ್ಸನ್ಸ್‌ಗೆ ಅಂಚಿನ ಕೆಲಸ ಒಪ್ಪುತ್ತದೆಂದು ಕಂಡ ಮೇಲೆ ಡಲ್ಲಾಸ್ ಅವನನ್ನು ಹೆಚ್ಚಾಗಿ ಅಲ್ಲಿಯೇ ಬೆಳೆಸಿತು. ಸಿಮನ್ಸ್‌ಗೆ ಅಂಥ ಒಂದು ನೆಲೆ ಸಿಗಲೇ ಇಲ್ಲ.

ಅವರ ವಾದದ ಬೇರು ಬೇರೆಡೆ ಇದೆ ಎಂದು ಆಮೇಲೆ ತಿಳಿಯಿತು. ಅದೇ ವಾರ ಮಡಿಕೇರಿಯಲ್ಲಿ ಮುದ್ದಂಡ ಕಪ್, ಅಂದರೆ ಆ ವರ್ಷದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ, ಕೊನೆಯ ಹಂತದಲ್ಲಿತ್ತು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳೊಡನೆ ಆರಂಭಿಸಿದ ಕೊಡವ ಹಾಕಿ ಉತ್ಸವಕ್ಕೆ 2025ರಲ್ಲಿ 396 ತಂಡಗಳು ಹೆಸರು ಕೊಟ್ಟಿದ್ದವು. ಅಲ್ಲಿ ಡ್ರಾಫ್ಟ್ ಎಂಬುದಿಲ್ಲ. ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಯಾರಿದ್ದಾರೋ ಅವರೇ ತಂಡ. ಬೆಂಗಳೂರಿನಿಂದ ರಜೆ ಹಾಕಿ ಬಂದವನು, ಸೇನೆಯಿಂದ ರಜೆ ಸಿಗದವನು, ಹದಿನಾರರ ಹುಡುಗಿ, ಐವತ್ತು ದಾಟಿದ ಚಿಕ್ಕಪ್ಪ, ಇಷ್ಟರಲ್ಲಿ ಹನ್ನೊಂದು ಜನ ಆಗಬೇಕು. ಗೋಲಿ ಬರಲಿಲ್ಲವೆಂದರೆ ಸೆಂಟರ್ ಹಾಫ್ ಕಾಲಿಗೆ ಪ್ಯಾಡ್ ಕಟ್ಟಬೇಕು. “ನಾನು ಎರಡು ವರ್ಷ ಗೋಲಿ, ಒಂದು ವರ್ಷ ರೈಟ್ ಇನ್, ಉಳಿದದ್ದು ಹಾಫ್. ಯಾರೂ ನನ್ನನ್ನು ಏನು ಆಡುತ್ತೀಯ ಅಂತ ಕೇಳಲಿಲ್ಲ” ಎಂದು ನಕ್ಕರು. ಆ ನಗೆಯಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ಕಹಿಯೂ ಇತ್ತೆಂದು ನನ್ನ ಅನಿಸಿಕೆ. ಕುಟುಂಬದ ತಂಡದಲ್ಲಿ ಬಹುಮುಖಿ ಆಟಗಾರ ಅನಿವಾರ್ಯ, ಏಕೆಂದರೆ ಆಯ್ಕೆಯೇ ಇಲ್ಲ. ಆಯ್ಕೆಯ ಹಕ್ಕಿರುವ, ಅದಕ್ಕೆ ಕೋಟಿಗಟ್ಟಲೆ ತೆರುವ ತಂಡ ಅದೇ ಲೆಕ್ಕದಲ್ಲಿ ನಡೆಯಬೇಕಾಗಿಲ್ಲ. ಹೀಗೆಂದಾಗ ಅವರು ಮೊದಲ ಬಾರಿಗೆ ಸುಮ್ಮನಾದರು, ಅಥವಾ ಒಳಗಿನಿಂದ ಕರೆ ಬಂದದ್ದಕ್ಕೆ ಎದ್ದರು.

ಒಳಗಿನಿಂದ ಬಂದದ್ದು ಅಕ್ಕಿ ಒಟ್ಟಿ, ಕೊಡಗಿನ ಅಕ್ಕಿ ರೊಟ್ಟಿ. ಕೆಂಡದ ಮೇಲೆ ಉಬ್ಬಿಸಿದ, ಅಂಚು ಹರಿಯದ, ಬಿಡಿಸಿದರೆ ಎರಡು ಪದರವಾಗುವ ಒಟ್ಟಿ. ಜೊತೆಗೆ ಎಳ್ಳು ಪಜ್ಜಿ (ಚಟ್ನಿ), ಜೇನು, ಕೈಪುಳಿ ಎಂಬ ಕಹಿ ಕಿತ್ತಳೆಯ ಗೊಜ್ಜು. ಎಂಜಿನಿಯರ್ ತರುಣ, “ಆಂಟಿ, ಇನ್ನೊಂದು ಸಿಗಬಹುದಾ?” ಎಂದು ನಾಲ್ಕು ಬಾರಿ ಕೇಳಿದ, ನಾಲ್ಕು ಬಾರಿಯೂ ಬಿಸಿಯದೇ ಬಂತು. ಮಧ್ಯಾಹ್ನದ ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮತ್ತು ಪಂದಿಕರಿಯ (ಹಂದಿ ಮಾಂಸದ ಸಾರಿನ) ಬಗ್ಗೆ ಒಂದೇ ಮಾತು: ಕಾಚಂಪುಳಿಯನ್ನು, ಅಂದರೆ ಕೊಡಗಿನ ಕಪ್ಪು ಹುಳಿರಸವನ್ನು, ಕಪ್ಪು ಬಣ್ಣ ಬರಲೆಂದು ಸುರಿಯದೆ, ಕೊನೆಯಲ್ಲಿ ಅಳತೆಯಿಂದ ಹಾಕಿದ್ದರು, ಕೊಬ್ಬಿನ ತುಂಡು ಬಾಯಲ್ಲಿ ಕರಗಿದರೂ ಹುಳಿ ಹಲ್ಲಿಗೆ ಹತ್ತಲಿಲ್ಲ. ಈ ಅಡುಗೆಮನೆಗೆ ತನ್ನ ಕೆಲಸ ಯಾವುದೆಂಬ ಸಂಶಯವಿಲ್ಲ.

ಒಟ್ಟಿಯ ನಡುವೆಯೇ 15ನೆಯ ಆಯ್ಕೆ ಕೇಳಿಸಿತು: ಅಟ್ಲಾಂಟಾ ಫಾಲ್ಕನ್ಸ್‌ಗೆ ಜಾರ್ಜಿಯಾದ ಜೇಲನ್ ವಾಕರ್. 2024ರ ಬಟ್‌ಕಸ್ ಪ್ರಶಸ್ತಿ ವಿಜೇತ, ಇವನೂ ನಡುವೆ ಮತ್ತು ಅಂಚಿನಲ್ಲಿ ಎರಡೂ ಕಡೆ ಆಡಿದವನು. ಯಜಮಾನರು ಇನ್ನೊಂದು ಜಾಯಿಕಾಯಿ ತರಲು ಹೊರಟಿದ್ದರು. ಅಟ್ಲಾಂಟಾ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನೇ ಕೊಟ್ಟು 26ನೆಯ ಸರದಿಗೆ ಬಂದು, ಅಂಚಿನಿಂದ ಎರಗುವ ಜೇಮ್ಸ್ ಪಿಯರ್ಸ್‌ನನ್ನೂ ಕೊಂಡಾಗ ನನಗೆ ಅಚ್ಚರಿಯಾಯಿತು. ಆ ಕೆಲಸಕ್ಕೆ ವಾಕರ್ ಸಾಕೆಂಬ ನಂಬಿಕೆ ಅವರಿಗಿದ್ದರೆ ಅಷ್ಟು ಬೆಲೆ ತೆತ್ತು ಇನ್ನೊಬ್ಬನನ್ನು ತರುವ ಅಗತ್ಯವೇನಿತ್ತು? ಇಬ್ಬರಿದ್ದರೆ ವಾಕರ್‌ನನ್ನು ಬೇಕಾದ ಕಡೆ ನಿಲ್ಲಿಸುವ ಸ್ವಾತಂತ್ರ್ಯ ಸಿಗುತ್ತದೆ ಎಂದು ಯಜಮಾನರು ಅದನ್ನು ತಮ್ಮ ಪರವಾಗಿ ತಿರುಗಿಸಿಕೊಂಡರು. ಇದರಲ್ಲಿ ಯಾರು ಸರಿಯೆಂದು ಆಟದ ಮೈದಾನವೇ ಹೇಳಬೇಕು.

ಈಗಲ್ಸ್ ವಿಷಯಕ್ಕೆ ಬಂದರೆ, ಕೊನೆಗೆ ನನ್ನ ಮನಸ್ಸು ಬದಲಾದದ್ದು ಅವರ ವಾದದಿಂದಲ್ಲ, ಅವರು ಮೇಜಿನ ಮೇಲೆ ಉಳಿಸಿದ್ದ ಇನ್ನೊಂದು ಏಲಕ್ಕಿಯಿಂದ. ಅದು ಝ್ಯಾಕ್ ಬಾನ್. ಕಾಲೇಜಿನಲ್ಲಿ ಅಂಚಿನ ಆಟಗಾರ. ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ವರ್ಷ ಹೆಚ್ಚಾಗಿ ಸ್ಪೆಷಲ್ ಟೀಮ್ಸ್‌ನಲ್ಲೇ (ಚೆಂಡನ್ನು ಒದೆಯುವ ಸರದಿಗಳಿಗೆ ಇಳಿಯುವ ಪಡೆ) ಕಳೆದವನು. 2024ರಲ್ಲಿ ಒಂದು ವರ್ಷದ ಸಣ್ಣ ಒಪ್ಪಂದಕ್ಕೆ ಫಿಲಡೆಲ್ಫಿಯಾಕ್ಕೆ ಬಂದಾಗ ರಕ್ಷಣೆಯ ತರಬೇತುದಾರ ವಿಕ್ ಫ್ಯಾಂಜಿಯೊ ಅವನನ್ನು ನಡುವೆ ನಿಲ್ಲಿಸಿದರು. ಅದೇ ವರ್ಷ 151 ಟ್ಯಾಕಲ್, ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್‌-ಪ್ರೊ ಮೊದಲ ತಂಡದಲ್ಲಿ ಸ್ಥಾನ, ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡನ್ನೇ ಹಿಡಿದದ್ದು. ಎಲ್ಲ ಕಡೆ ಆಡಬಲ್ಲವನಿಗೆ ಒಂದು ಕಡೆ ತೋರಿಸುವ ಕಣ್ಣು ಈ ತಂಡದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬಾನ್‌ನ ಪಕ್ಕದಲ್ಲಿ ಆಡುತ್ತಿದ್ದ ನಕೋಬಿ ಡೀನ್ ಜನವರಿಯಲ್ಲಿ ಮೊಣಕಾಲಿಗೆ ತೀವ್ರ ಗಾಯ ಮಾಡಿಕೊಂಡಿದ್ದ. ಅಂಚಿನ ಜಾಶ್ ಸ್ವೆಟ್ ಅರಿಝೋನಾಕ್ಕೆ ಹೋಗಿದ್ದ. ಖಾಲಿ ಇದ್ದದ್ದು ನಿಖರವಾಗಿ ಆ ಎರಡು ಜಾಗಗಳೇ. ಕ್ಯಾಂಪ್‌ಬೆಲ್‌ನ ಭುಜಕ್ಕೆ ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದುದು ನಿಜ, ಅವನು ಕೆಳಗೆ ಜಾರಿದ್ದಕ್ಕೆ ಅದೂ ಒಂದು ಕಾರಣವಿರಬೇಕು. ಆದರೂ ಮೊದಲ ಸುತ್ತಿನ ಕೊನೆಯಲ್ಲಿ, ಡೀನ್ ಮರಳುವವರೆಗೆ ನಡುವೆ ಆಡು, ಆಮೇಲೆ ಅಂಚು ನೋಡೋಣ ಎನ್ನಬಲ್ಲ ತಂಡಕ್ಕೆ ಈ ಬೆಲೆ ನ್ಯಾಯವಾದದ್ದು. ಎಂಟನೆಯ ಸರದಿಯಲ್ಲಿ ಬೇಡವೆಂದವನೇ 32ನೆಯ ಸರದಿಯಲ್ಲಿ ಬೇಕೆಂದೆ.

ಹೇಳಿ ಮುಗಿಸುವಷ್ಟರಲ್ಲಿ ಧ್ವನಿಯೂ ನಿಂತಿತು. ಹಿಂದಿನ ಸಂಜೆ ಬ್ಯಾಕಿಂಗ್ ಮಳೆ (ಕಾಫಿ ಹೂ ಬಿಟ್ಟ ಮೇಲೆ ಬರುವ ಮಳೆ) ಜೋರಾಗಿ ಬಂದಿತ್ತು, ಬೆಳಿಗ್ಗೆ ಎಲ್ಲೋ ಮರ ಒರಗಿ ಕರೆಂಟು ಹೋಯಿತು. ಯುಪಿಎಸ್ ಪ್ರೊಜೆಕ್ಟರನ್ನು ಹೊತ್ತರೂ ಇಂಟರ್‌ನೆಟ್ ಪೆಟ್ಟಿಗೆಗೆ ಅದರ ಸಂಪರ್ಕವೇ ಇರಲಿಲ್ಲ. ಮೂರೂವರೆ ಗಂಟೆ ಕಾದ ಕ್ಷಣವನ್ನು ನಾವು ಕಂಡದ್ದು ಮಗನ ವಾಟ್ಸಾಪ್ ಸಂದೇಶದಲ್ಲಿ, ಯಜಮಾನರು ಕನ್ನಡಕ ಹುಡುಕಿ ಹಾಕಿಕೊಂಡ ಮೇಲೆ. ಈಗಲ್ಸ್ ಐದನೆಯ ಸುತ್ತಿನ ಒಂದು ಆಯ್ಕೆಯನ್ನು ಸೇರಿಸಿ ಕೊಟ್ಟು ಕ್ಯಾನ್ಸಸ್ ಸಿಟಿಯಿಂದ 31ನೆಯ ಸರದಿ ಪಡೆದು ಕ್ಯಾಂಪ್‌ಬೆಲ್‌ನನ್ನು ತೆಗೆದುಕೊಂಡಿದ್ದರು. ಒಂದೇ ಮೆಟ್ಟಿಲು ಏರಲು ಆ ಬೆಲೆ ಕೊಟ್ಟವರು ಅವನ ಕೆಲಸವನ್ನು ಮೊದಲೇ ನಿಶ್ಚಯಿಸಿದ್ದಾರೆಂದೇ ನಾನು ಭಾವಿಸುತ್ತೇನೆ.

ಉಳಿದ ವಿವರ: ಕೋಣೆ ಸ್ವಚ್ಛವಾಗಿದೆ, ಬಿಸಿನೀರು ಸೌದೆ ಒಲೆಯದು, ಆರಕ್ಕೆ ಮುಂಚೆ ಸಿಗುವುದಿಲ್ಲ. ನಾನು ತಂಗಿದ್ದಾಗ ತಲೆಗೆ ದಿನಕ್ಕೆ 2,500 ರೂಪಾಯಿ ಇತ್ತು, ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಸೇರಿ. ಮಧ್ಯಾಹ್ನದ ಪಂದಿಕರಿಗೆ ಆಗ 450 ಬೇರೆ. ಮಳೆ ಬಂದರೆ ಗೇಟಿನಿಂದ ಮನೆಯವರೆಗಿನ ಮಣ್ಣಿನ ದಾರಿಯಲ್ಲಿ ಸಣ್ಣ ಕಾರು ಇಳಿಸಬೇಡಿ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ, ಕಡಿಮೆಯಾದ ಒಂದು ನಕ್ಷತ್ರ ಕಿಟಕಿಗೂ ಇಂಟರ್‌ನೆಟ್ ಪೆಟ್ಟಿಗೆಗೂ ಸಮವಾಗಿ ಸೇರುತ್ತದೆ. 2026ರ ಏಪ್ರಿಲ್‌ನ ಡ್ರಾಫ್ಟ್ ಪಿಟ್ಸ್‌ಬರ್ಗ್‌ನಲ್ಲಿ ಎಂದು ನಿಗದಿಯಾಗಿತ್ತು. ಅದಕ್ಕಾಗಿ ಅದೇ ಕೋಣೆಗೆ ಮುಂಗಡ ಕೊಟ್ಟು ಬಂದೆ, ಎರಡನೆಯ ಕಿಟಕಿಗೆ ಮೊಳೆ ಹೊಡೆಸುವುದಾಗಿ ಯಜಮಾನರು ಮಾತು ಕೊಟ್ಟರು.