1,400ರ ಫ್ಯಾನು, 2,900ರ ಫ್ಯಾನು

ಬಳ್ಳಾರಿ ಬಿಸಿಲಿಗೆ ನಮ್ಮ ಹಾಲ್ ಫ್ಯಾನಿಗೆ ದಿನಕ್ಕೆ 16 ಗಂಟೆ ಡ್ಯೂಟಿ. ಮೊದಲು ಇದ್ದದ್ದು 1,400 ರೂಪಾಯಿಯದು. ಮೂರೇ ವರ್ಷಕ್ಕೆ ಗರಗರ ಅನ್ನತೊಡಗಿತು, ಸಂಜೆ ವೋಲ್ಟೇಜ್ ಇಳಿದರೆ ಕೂತಲ್ಲೇ ರೆಕ್ಕೆ ಎಣಿಸಬಹುದಿತ್ತು. ಅದನ್ನು ಇಳಿಸಿ 2,900 ಕೊಟ್ಟು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ, ಬ್ರಷ್ ಇಲ್ಲದ ಮೋಟಾರಿನ) ಫ್ಯಾನು ಹಾಕಿಸಿ ಈಗ ಎರಡೂವರೆ ವರ್ಷ. "ಗಾಳಿ ಎರಡರದ್ದೂ ಒಂದೇ ಅಲ್ವೇನೋ, ದುಡ್ಡು ಯಾಕೆ ಡಬಲ್?" ಅಂತ ಅಮ್ಮ ಕೇಳಿದ್ದರು.

ಲೆಕ್ಕ ಹೀಗಿದೆ. ಹಳೇದು 75 ವ್ಯಾಟ್, ಇದು ಫುಲ್ ಸ್ಪೀಡಿನಲ್ಲೂ 30. ನಮ್ಮ 16 ಗಂಟೆಗೆ ದಿನಕ್ಕೆ ಮುಕ್ಕಾಲು ಯೂನಿಟ್ ಹತ್ತಿರ ಉಳಿಯುತ್ತದೆ, ತಿಂಗಳಿಗೆ 21. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 126 ರೂಪಾಯಿ, ಅಂದರೆ ಹೆಚ್ಚಿಗೆ ಕೊಟ್ಟ 1,500 ವಾಪಸ್ ಬರಲು ಒಂದು ವರ್ಷ.

ಆದರೆ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಹೇಗಿದ್ದರೂ ಸೊನ್ನೆ ಬಿಲ್ ಬರುವ ಮನೆಯಲ್ಲಿ ಇದನ್ನು ಹಾಕಿಸಿದರೆ ಉಳಿಯುವುದು ಸರ್ಕಾರದ ದುಡ್ಡು, ನಿಮ್ಮದಲ್ಲ! ನಮ್ಮದು ಗಡಿಯಲ್ಲಿದ್ದ ಮನೆ. 200 ಯೂನಿಟ್ ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕಲ್ಲ, ಈ ಫ್ಯಾನು ಹಾಕಿಸುವ ಮೊದಲಿನ ಏಪ್ರಿಲ್‌ನಲ್ಲಿ 214 ಆಗಿ 1,700 ಚಿಲ್ಲರೆ ಕಟ್ಟಿದ್ದೆ. ಮೇ ತಿಂಗಳಲ್ಲಿ ಈ ಫ್ಯಾನಿನಿಂದ 193ಕ್ಕೆ ನಿಂತಿತು, ಹಳೇ ಬಳಕೆಯ ಸರಾಸರಿ ನೋಡಿ ನಮ್ಮ ಮನೆಗೆ ಕೊಟ್ಟ ಉಚಿತ ಮಿತಿ ಮೀರಿದ ಅಷ್ಟಕ್ಕೆ ಮಾತ್ರ ದುಡ್ಡು. ನನಗೆ ಫ್ಯಾನಿನ ದುಡ್ಡು ದಕ್ಕಿದ್ದು ಅಲ್ಲಿ.

ವೋಲ್ಟೇಜ್ ಇಳಿದರೂ ಸ್ಪೀಡ್ ಇಳಿಯುವುದಿಲ್ಲ, ಕರೆಂಟ್ ಹೋದಾಗ ಇನ್ವರ್ಟರ್ ಮೇಲೂ ಜಾಸ್ತಿ ಹೊತ್ತು ಓಡುತ್ತದೆ. ಹಾಕಿಸುವಾಗ ಹಳೇ ರೆಗ್ಯುಲೇಟರ್ ತೆಗೆಸಿಬಿಡಿ, ಇದಕ್ಕೆ ಅದು ಆಗಿಬರುವುದಿಲ್ಲ.

ಬೇಜಾರಿನ ಮಾತೂ ಇದೆ. ವಾರಂಟಿ ಎರಡು ವರ್ಷ. ಎರಡು ವರ್ಷ ಮೂರು ತಿಂಗಳಿಗೆ ಸರಿಯಾಗಿ ಒಳಗಿನ ಬೋರ್ಡ್ ಹೋಯಿತು. ಕಂಪನಿಯವನು ಬರಲು ಒಂಬತ್ತು ದಿನ, ಬೋರ್ಡಿಗೆ 850 ರೂಪಾಯಿ. ಹಳೇ ಫ್ಯಾನಾಗಿದ್ದರೆ ಬೀದಿ ಕೊನೆಯ ಎಲೆಕ್ಟ್ರಿಷಿಯನ್ 80 ರೂಪಾಯಿ ಕೆಪಾಸಿಟರ್ ಹಾಕಿ, ಟೀ ಕುಡಿದು ಹೋಗಿರುತ್ತಿದ್ದ. ಆ 850 ಕಳೆದರೂ ನನಗೆ ಲಾಭವೇ, ಆದರೆ ಆ ಒಂಬತ್ತು ದಿನದ ಸೆಕೆಗೆ ರೇಟು ಹಾಕೋದು ಹೇಗೆ?

ನೆಂಟರ ರೂಮಿಗೆ ಮೊನ್ನೆ ಸುಮ್ನೆ 1,350ರ ಸಾದಾ ಫ್ಯಾನೇ ತಂದೆ. ವರ್ಷಕ್ಕೆ ಇಪ್ಪತ್ತು ದಿನ ತಿರುಗೋ ಫ್ಯಾನಿಗೆ ಅಷ್ಟು ಸಾಕು. ಹಾಲ್ ಫ್ಯಾನಿನ ರಿಮೋಟ್ ಎರಡು ಸಲ ಕಳೆದಿತ್ತು, ಈಗ ಅಮ್ಮ ಅದಕ್ಕೆ ದಾರ ಕಟ್ಟಿ ಕ್ಯಾಲೆಂಡರ್ ಮೊಳೆಗೆ ನೇತುಹಾಕಿದ್ದಾರೆ.