ಕಾರಿನಲ್ಲಿ ನಾಯಿ ಬಿಡುವವರಿಗೆ ಮಾರುವ ‘ಚಳಿಗಾಲದ ಕಿಟ್’: ಹುಬ್ಬಳ್ಳಿಯ ಬಿಸಿಲಿನಲ್ಲಿ ಬಳಸಿ ನೋಡಿದ ಮೇಲೆ

ಗೋಕುಲ ರಸ್ತೆಯ ಕಾರ್ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಈ ಚಳಿಗಾಲದಲ್ಲಿ ನಾನು ಕೊಂಡ ಪೆಟ್ಟಿಗೆಯ ಬೆಲೆ 2,200 ರೂಪಾಯಿ. ಅದರೊಳಗೆ ಮುಂದಿನ ಗಾಜಿಗೆ ಹಾಸುವ ಬೆಳ್ಳಿಬಣ್ಣದ ಹಾಳೆ, ಹಿಂದಿನ ಎರಡು ಬಾಗಿಲುಗಳಿಗೆ ತೊಡಿಸುವ ಜಾಲರಿ, ಕಿಟಕಿಯ ಗಾಜಿನ ಅಂಚಿಗೆ ಸಿಕ್ಕಿಸುವ ಸೌರಶಕ್ತಿಯ ಪುಟ್ಟ ಫ್ಯಾನು, ಹತ್ತಿ ತುಂಬಿದ ಒಂದು ಹಾಸು, ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ಮತ್ತು ನಾಲ್ಕು ಪುಟದ ಸೂಚನಾ ಪತ್ರ ಇವೆ. ಪೆಟ್ಟಿಗೆಯ ಮೇಲೆ ಹಿಮ ಬಿದ್ದ ಬೀದಿಯಲ್ಲಿ ನಿಂತ ಕಾರಿನ ಚಿತ್ರವಿದೆ. ಅದರ ಕಿಟಕಿಯಿಂದ ಕಂದು ಬಣ್ಣದ ನಾಯಿಯೊಂದು ನಾಲಿಗೆ ಚಾಚಿ ನೋಡುತ್ತಿದೆ. ಮಾಲೀಕರು ಕೆಲಸ ಮುಗಿಸಿಕೊಂಡು ಬರುವವರೆಗೆ ನಾಯಿ ಕಾರಿನಲ್ಲಿ ಬೆಚ್ಚಗೆ, ನೆಮ್ಮದಿಯಿಂದ ಇರುತ್ತದೆ ಎಂಬುದು ಕಿಟ್ಟಿನ ಭರವಸೆ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಭರವಸೆಯನ್ನು ನಂಬಿದರೆ ನಾಯಿಯ ಜೀವಕ್ಕೇ ಎರವಾದೀತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗಿದ್ದೂ ಪೆಟ್ಟಿಗೆಯಲ್ಲಿರುವ ಒಂದು ವಸ್ತು, ಅದೂ ಅತ್ಯಂತ ಅಗ್ಗದ್ದು, ನಾಯಿ ಸಾಕಿದವರೆಲ್ಲರ ಕಾರಿನಲ್ಲಿ ಇರಬೇಕಾದದ್ದು.

ನಮ್ಮ ಭಾಗದ ಚಳಿಗಾಲ ಎರಡು ಪಾಳಿಯಲ್ಲಿ ನಡೆಯುತ್ತದೆ. ಡಿಸೆಂಬರ್-ಜನವರಿಯಲ್ಲಿ ಧಾರವಾಡದ ಬೆಳಗಿನ ಉಷ್ಣತೆ 14-15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದುಂಟು. ಕೆಲಗೇರಿ ಕೆರೆಯ ದಂಡೆಗೆ ನಾಯಿ ತಿರುಗಾಡಿಸಲು ಬಂದವರು ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡಿರುತ್ತಾರೆ. ಅದೇ ದಿನ ಮಧ್ಯಾಹ್ನ ಒಂದು-ಎರಡರ ಹೊತ್ತಿಗೆ ಉಷ್ಣತೆ 28-29 ಡಿಗ್ರಿ ಮುಟ್ಟಿರುತ್ತದೆ, ಆಕಾಶದಲ್ಲಿ ಮೋಡದ ಚೂರೂ ಇರುವುದಿಲ್ಲ. ತೊಂದರೆ ಬರುವುದು ಬೆಳಗಿನ ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಧ್ಯಾಹ್ನದ ತೀರ್ಮಾನ ಮಾಡುವುದರಿಂದ. ಏಪ್ರಿಲ್‌ನಲ್ಲಿ ನಾಯಿಯನ್ನು ಕಾರಿನಲ್ಲಿ ಬಿಡಲು ಹೆದರುವ ಜನರೇ ಜನವರಿಯಲ್ಲಿ ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಜು ಏರಿಸಿ, ಲೈನ್ ಬಜಾರಿನಲ್ಲಿ ಪೇಢೆಯ ಸಾಲಿಗೆ ನಿಲ್ಲುತ್ತಾರೆ; ವಿದ್ಯಾನಗರದ ಕಲ್ಯಾಣ ಮಂಟಪಕ್ಕೆ ಅಕ್ಕಿಕಾಳಿಗೆ ಹೋದವರು ಊಟದ ಪಂಕ್ತಿ ಮುಗಿಸಿಯೇ ಹೊರಗೆ ಬರುತ್ತಾರೆ. ಈ ಕಿಟ್ಟನ್ನು ಕಟ್ಟಿಕೊಡುವಾಗ ಅಂಗಡಿಯವರು ಹೇಳಿದ್ದೂ ಅದನ್ನೇ: “ಥಂಡಿ ದಿನಾ ಅದಾವ್ರೀ, ಏನೂ ಆಗಂಗಿಲ್ಲ.”

ಮೊದಲು ಸೂಚನಾ ಪತ್ರದ ವಿಷಯ, ಏಕೆಂದರೆ ಪೆಟ್ಟಿಗೆಯಲ್ಲಿರುವ ಅತ್ಯಂತ ಅಪಾಯಕಾರಿ ಸಾಮಾನು ಅದೇ. ಎರಡನೆಯ ಪುಟದಲ್ಲಿ, ಕಾರನ್ನು ಸಾಧ್ಯವಾದಷ್ಟು ನೇರ ಬಿಸಿಲಿನಲ್ಲಿ ನಿಲ್ಲಿಸಬೇಕು, ಗಾಜುಗಳನ್ನು ಪೂರ್ತಿ ಏರಿಸಿರಬೇಕು, ನಾಯಿಗೆ ಹಾಸು ಹೊದಿಸಬೇಕು ಎಂದು ಬರೆದಿದೆ. ಇದು ಯಾರಿಗಾಗಿ ಬರೆದದ್ದು ಎಂಬುದನ್ನು ಪೆಟ್ಟಿಗೆಯ ಚಿತ್ರವೇ ಹೇಳುತ್ತದೆ. ಕೆನಡಾದಂತಹ, ಉತ್ತರ ಯುರೋಪಿನಂತಹ ಪ್ರದೇಶಗಳಲ್ಲಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಕೆಳಗಿಳಿದಾಗ, ಎಂಜಿನ್ ಆರಿಸಿದ ಕಾರು ಒಳಗಿನ ಬಿಸಿಯನ್ನು ಬೇಗನೆ ಕಳೆದುಕೊಂಡು ತಣ್ಣನೆಯ ಡಬ್ಬಿಯಾಗುತ್ತದೆ. ಒಳಗಿರುವ ನಾಯಿ ನಡುಗತೊಡಗಿ, ಮೈಯ ಶಾಖ ಇಳಿದು, ಸಾಯಲೂಬಹುದು. ಅದನ್ನು ತಪ್ಪಿಸಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುವ ಭಯ ಬೇರೆ. ಆ ನಾಡಿನ ಸಲಹೆ ಆ ನಾಡಿಗೆ ಸರಿಯಿರಬಹುದು. ಇಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ನಾಯಿಯನ್ನು ಬೇಯಿಸುವ ವಿಧಾನ ಹೇಳಿಕೊಟ್ಟಂತಾಗುತ್ತದೆ. ಆಮದು ಮಾಡಿಕೊಂಡವರು ಬೆಲೆಯ ಚೀಟಿಯನ್ನು ರೂಪಾಯಿಗೆ ಬದಲಿಸಿದ್ದಾರೆ, ಸೂಚನೆಯನ್ನು ಬದಲಿಸುವ ಗೋಜಿಗೆ ಹೋಗಿಲ್ಲ.

ಪರೀಕ್ಷೆಗೆ ನಾಯಿಯನ್ನು ಒಳಗೆ ಬಿಡುವ ಪ್ರಶ್ನೆಯೇ ಇರಲಿಲ್ಲ. ಖಾಲಿ ಕಾರಿನಲ್ಲಿ, ಮುಂದಿನ ಸೀಟಿನ ಬೆನ್ನಿನ ನೆರಳಿನಲ್ಲಿ, ಕುಳಿತ ನಾಯಿಯ ಮೂತಿ ಇರುವಷ್ಟು ಎತ್ತರಕ್ಕೆ ಥರ್ಮಾಮೀಟರಿನ ತಂತಿ ಕಟ್ಟಿ, ಬಿಳಿ ಬಣ್ಣದ ನನ್ನ ಕಾರನ್ನು ರಸ್ತೆಯ ಬದಿಯ ಬಿಸಿಲಿನಲ್ಲಿ ನಿಲ್ಲಿಸಿದೆ. ಹೊರಗೆ 27 ಡಿಗ್ರಿ ಇತ್ತು. ತಂಪು ಗಾಳಿಯೂ ಆಗಾಗ ಬೀಸುತ್ತಿತ್ತು. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಒಳಗಿನ ಅಂಕಿ 41. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಕಾರಿನಲ್ಲಿ ಉಳಿದುಬಿಡುವ ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಕ್ಯಾಲಿಫೋರ್ನಿಯಾದಲ್ಲಿ ನಡೆಸಿ, 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ ಸುಮಾರು 22 ಡಿಗ್ರಿಯಷ್ಟೇ ಇದ್ದ ದಿನವೂ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಮುಟ್ಟಿತ್ತು. ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲಿಯೇ ಆಗಿತ್ತು. ಗಾಜನ್ನು ಒಂದೆರಡು ಬೆರಳಿನಷ್ಟು ಇಳಿಸಿಟ್ಟದ್ದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸ ಆಗಿರಲಿಲ್ಲ. ಬಿಸಿಲು ಗಾಜಿನ ಮೂಲಕ ಒಳಗೆ ಬಂದು ಸೀಟು, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಅವುಗಳಿಂದ ಕಾದ ಗಾಳಿಗೆ ಹೊರಹೋಗುವ ದಾರಿಯಿಲ್ಲ. ಇದಕ್ಕೆ ಹೊರಗಿನ ಗಾಳಿ ಬಿಸಿಯಾಗಿರಲೇಬೇಕೆಂದಿಲ್ಲ, ಬಿಸಿಲೊಂದಿದ್ದರೆ ಸಾಕು. ಚಳಿಗಾಲದಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಏಪ್ರಿಲ್ ಕೊನೆಯಲ್ಲಿ ಹುಬ್ಬಳ್ಳಿಯ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿದ್ದು ಬಿಸಿಲು ಕಾರಿನ ಛಾವಣಿಗೆ ಬೀಳುತ್ತದೆ. ಡಿಸೆಂಬರ್ ಕೊನೆಯಲ್ಲಿ ಅವನು ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲಿಯೇ ನಿಲ್ಲುವುದರಿಂದ, ಕಾರು ತೆಂಕಣ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ ಬಿಸಿಲು ಮುಂದಿನ ಗಾಜನ್ನು ದಾಟಿ ನೇರವಾಗಿ ಸೀಟಿನ ಮೇಲೆಯೇ ಬೀಳುತ್ತದೆ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವ ಅನುಕೂಲವಿಲ್ಲ. ಬೆವರುವುದು ಪಾದದಡಿಯ ಮೆತ್ತೆಗಳಲ್ಲಿ ಮಾತ್ರ, ಅದೂ ಅತ್ಯಲ್ಪ. ಅದರ ಸಹಜ ಮೈಶಾಖವೇ 38 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಆ ಶಾಖ 41ರ ಆಚೆಗೆ ಹೋದರೆ ಪ್ರಾಣಾಪಾಯ. ತೇಕುತ್ತ, ನಾಲಿಗೆ ಮತ್ತು ಉಸಿರಿನ ದಾರಿಯ ತೇವವನ್ನು ಆರಿಸಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಮುಚ್ಚಿದ ಕಾರಿನಲ್ಲಿ ಅದೇ ಉಸಿರಿನ ತೇವ ಗಾಳಿಯಲ್ಲಿ ತುಂಬಿ, ತೇಕಿದರೂ ತೇವ ಆರದ ಸ್ಥಿತಿ ಬರುತ್ತದೆ. ನಮ್ಮ ಮನೆಯಲ್ಲಿರುವುದು ಪಗ್. ಮೂಗು ಮೋಟಾದ ಈ ತಳಿಗೆ ತಂಪಾದ ಕೋಣೆಯಲ್ಲಿ ಮಲಗಿದಾಗಲೂ ಉಸಿರಾಟ ಗೊರಕೆಯಂತೆ ಕೇಳುತ್ತದೆ. ಶಿಟ್ಸು, ಬುಲ್‌ಡಾಗ್ ತಳಿಗಳದ್ದೂ ಇದೇ ಪಾಡು.

ಈ ಹಿನ್ನೆಲೆಯಲ್ಲಿ ಕಿಟ್ಟಿನ ಮುಖ್ಯ ಆಕರ್ಷಣೆಯಾದ ಸೌರ ಫ್ಯಾನನ್ನು ನೋಡಬೇಕು. ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿ, ಅಂಚಿಗೆ ಫ್ಯಾನು ಸಿಕ್ಕಿಸಿ, ಉಳಿದ ಸಂದಿಗೆ ಕೊಟ್ಟಿರುವ ರಬ್ಬರ್ ಪಟ್ಟಿ ಒತ್ತಿ ಗಾಜನ್ನು ಮತ್ತೆ ಏರಿಸಬೇಕು. ಬಿಸಿಲು ಬಿದ್ದ ಕೂಡಲೇ ಅದು ಗುಂಯ್‌ಗುಟ್ಟುತ್ತ ತಿರುಗುತ್ತದೆ, ನೋಡಲು ಖುಷಿಯಾಗುತ್ತದೆ. ಆದರೆ ಅದರ ಬಾಯಿಗೆ ಹಿಡಿದ ಬಸ್ ಟಿಕೇಟು ಅಲುಗಿತೇ ಹೊರತು ಹಾರಲಿಲ್ಲ. ಲೆಕ್ಕ ಸರಳವಾಗಿದೆ. ಸ್ವಚ್ಛ ಆಕಾಶದ ನಡುಹಗಲಿನಲ್ಲಿ, ಸೂರ್ಯನಿಗೆ ನೇರ ಮುಖ ಮಾಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸಾವಿರ ವ್ಯಾಟಿನ ಹತ್ತಿರ ಬಿಸಿಲು ಬೀಳುತ್ತದೆ. ಕಾರಿನ ಗಾಜುಗಳಿಂದ ಒಳಗೆ ಬರುವುದು ನೂರಾರು ವ್ಯಾಟ್ ಶಾಖ. ಫ್ಯಾನಿನ ಅಂಗೈಯಗಲದ ಫಲಕ ಕೊಡಬಲ್ಲದ್ದು ಒಂದೆರಡು ವ್ಯಾಟ್ ವಿದ್ಯುತ್. ಫ್ಯಾನು ಹಾಕಿದ ದಿನಕ್ಕೂ ಹಾಕದ ದಿನಕ್ಕೂ ಥರ್ಮಾಮೀಟರಿನಲ್ಲಿ ಕಂಡ ಅಂತರ ಒಂದು ಡಿಗ್ರಿಯ ಆಸುಪಾಸು. ಇದಕ್ಕಿಂತ ದೊಡ್ಡ ದೋಷ ಅದರ ವಿನ್ಯಾಸದಲ್ಲಿಯೇ ಇದೆ: ಫ್ಯಾನು ತಿರುಗಬೇಕಾದರೆ ಕಾರು ಬಿಸಿಲಿನಲ್ಲಿ ನಿಲ್ಲಬೇಕು. ಬೇವಿನ ಮರದ ನೆರಳಿಗೆ ಕಾರು ಸರಿಸಿದ ತಕ್ಷಣ ಅದು ನಿಂತುಹೋಯಿತು. ನಾಯಿಗೆ ನಿಜವಾಗಿ ಬೇಕಾದ ನೆರಳನ್ನು ಬಿಟ್ಟುಕೊಟ್ಟರೆ ಮಾತ್ರ ಕೆಲಸ ಮಾಡುವ ಉಪಕರಣವನ್ನು ಯಾವ ನಾಯಿಪ್ರಿಯರು ಕಲ್ಪಿಸಿದರೋ ತಿಳಿಯದು.

ಜಾಲರಿಯ ಬಗ್ಗೆ ಇಷ್ಟು ಕಠಿಣವಾಗಿ ಹೇಳಲಾರೆ. ಬಾಗಿಲಿನ ಮೇಲಿನ ಚೌಕಟ್ಟಿಗೆ ಕಾಲುಚೀಲದಂತೆ ತೊಡಿಸಿದರೆ ಗಾಜನ್ನು ಪೂರ್ತಿ ಇಳಿಸಿಯೂ ಇಡಬಹುದು, ನೊಣ-ಸೊಳ್ಳೆ ಬರುವುದಿಲ್ಲ. ಕಾರಿನಲ್ಲಿ ನಾವೂ ಕುಳಿತಿದ್ದು, ಉಣಕಲ್ ಕೆರೆಯ ಬಳಿ ನೆರಳಿನಲ್ಲಿ ನಿಂತು ಡಬ್ಬಿಯ ಬುತ್ತಿ ಬಿಚ್ಚಿದಾಗ ಇದು ಒಳ್ಳೆಯ ಅನುಕೂಲ. ನಾಯಿಯೊಂದನ್ನೇ ಬಿಟ್ಟು ಹೋದರೆ ಅದು ಹೊರಬೀಳದಂತೆ ತಡೆಯುವಷ್ಟು ಗಟ್ಟಿ ಇದಲ್ಲ. ಪಗ್ ಒಮ್ಮೆ ಮುಂಗಾಲಿನ ಉಗುರು ಹಾಕಿ ಎಳೆದದ್ದಕ್ಕೆ ಹೊಲಿಗೆ ಎರಡು ಬೆರಳಿನಷ್ಟು ಬಿಚ್ಚಿಕೊಂಡಿತು. ಕಾರು ಓಡಿಸುವ ಮೊದಲು ಜಾಲರಿ ತೆಗೆಯುವುದು ಒಳ್ಳೆಯದು. ಮೋಟಾರು ವಾಹನ ನಿಯಮದಂತೆ ಮುಂದಿನ, ಹಿಂದಿನ ಗಾಜುಗಳ ಮೂಲಕ ಕನಿಷ್ಠ ಶೇ 70, ಪಕ್ಕದವುಗಳ ಮೂಲಕ ಶೇ 50 ಬೆಳಕು ಹಾಯಬೇಕು; ಈ ಜಾಲರಿ ಅದಕ್ಕಿಂತ ದಟ್ಟವಾಗಿ ಕಾಣುತ್ತದೆ.

ಬೆಳ್ಳಿಹಾಳೆ ಚೆನ್ನಾಗಿದೆ. ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವುದಿಲ್ಲ. ನಾಯಿಗೆ ಅದರಿಂದ ಸಿಗುವುದು ಮೂರ್ನಾಲ್ಕು ಡಿಗ್ರಿಯ ಉಪಕಾರ. 41 ಇದ್ದದ್ದು 37 ಆದರೆ ಅದನ್ನು ಯಾರೂ ಸುರಕ್ಷಿತ ಎನ್ನಲಾರರು.

ಹಾಸು ಮಾತ್ರ ಚಳಿಯನ್ನೇ ಎದುರಿಸಲು ಮಾಡಿದ್ದು, ಆ ಕೆಲಸವನ್ನು ಅದು ಮಾಡುತ್ತದೆ. ನೆರೆಮನೆಯವರ ಮುಧೋಳ ನಾಯಿಗೆ ಇದನ್ನು ಕೊಟ್ಟು ನೋಡಿದೆವು. ಬಾಗಲಕೋಟೆ ಜಿಲ್ಲೆಯ ಈ ತಳಿ ಓಟಕ್ಕೆ ಹೇಳಿ ಮಾಡಿಸಿದ್ದು. ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ, ಆದ್ದರಿಂದ ಚಳಿ ಬೇಗ ತಟ್ಟುತ್ತದೆ. ಸಂಜೆ ನೃಪತುಂಗ ಬೆಟ್ಟದಿಂದ ಇಳಿದು ಬರುವಾಗ ಅದು ಹಾಸಿನೊಳಗೆ ಮೂತಿ ಸೇರಿಸಿ ಸುರುಳಿಯಾಗಿ ಮಲಗಿತು. ಆರೋಗ್ಯವಂತ ವಯಸ್ಕ ನಾಯಿಗೆ ನಮ್ಮ ಊರಿನ ರಾತ್ರಿಯ ಚಳಿ ಪ್ರಾಣಾಂತಿಕವಲ್ಲ. ಮರಿ, ಮುದಿ ನಾಯಿ, ಜಳಕ ಮಾಡಿಸಿ ಮೈ ಪೂರ್ತಿ ಒಣಗದ ನಾಯಿ, ಕಾಯಿಲೆಯಿಂದ ಏಳುತ್ತಿರುವ ನಾಯಿ, ಇವುಗಳಿಗೆ ಹಾಸು ಬೇಕು. ತೊಳೆದ ಮೇಲೆ ಒಳಗಿನ ಹತ್ತಿ ಒಂದು ಮೂಲೆಗೆ ಗಂಟುಗಟ್ಟಿದ್ದು ಬೇಸರದ ಸಂಗತಿ. ಮನೆಯ ಹಳೆಯ ಕೌದಿ ಇದಕ್ಕಿಂತ ಬಾಳಿಕೆ ಬರುತ್ತದೆ.

ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ ಹೋಗುವುದೇ ಲೇಸು ಎನ್ನುವವರೂ ಇದ್ದಾರೆ. ಎಂಜಿನ್ ನಿಂತರೆ ಎಸಿಯೂ ನಿಲ್ಲುತ್ತದೆ, ಒಳಗಿನ ನಾಯಿಯ ಕಾಲು ಯಾವ ಗುಂಡಿಯ ಮೇಲೆ ಬೀಳುತ್ತದೆಂದು ಹೇಳಲಾಗದು; ನಾನು ಅದನ್ನು ಒಪ್ಪುವುದಿಲ್ಲ. ಕಾನೂನಿನ ಭಯದಿಂದ ಯಾರಾದರೂ ಎಚ್ಚರಗೊಳ್ಳುತ್ತಾರೆಂಬ ನಿರೀಕ್ಷೆಯೂ ಬೇಡ. ಪ್ರಾಣಿಗೆ ಅನಗತ್ಯ ನೋವು ಕೊಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ಅಪರಾಧವೆನ್ನುತ್ತದೆ, ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅಷ್ಟರಲ್ಲಿ ಪೇಢೆಯೂ ಕಾಲು ಕಿಲೋ ಬರುವುದಿಲ್ಲ.

ಸೂಚನಾ ಪತ್ರದಲ್ಲಿ ಇರಲೇಬೇಕಾಗಿದ್ದು, ಇಲ್ಲದಿರುವುದು, ತುರ್ತು ಉಪಚಾರ. ವಿಪರೀತ ತೇಕು, ಅಂಟಂಟಾದ ಜೊಲ್ಲು, ಕಡುಗೆಂಪಾದ ವಸಡು, ವಾಂತಿ, ತೂರಾಡುವ ನಡಿಗೆ ಕಂಡರೆ ನಾಯಿಯನ್ನು ಕೂಡಲೇ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಬೇಕು. ಅದು ತಾನಾಗಿ ಕುಡಿದರೆ ನೀರು ಕೊಡಬೇಕು, ಬಲವಂತದಿಂದ ಬಾಯಿಗೆ ಹಾಕಬಾರದು. ತಂಪು ಮಾಡುವುದನ್ನು ಮೊದಲು ಶುರುಮಾಡಿ ಆಮೇಲೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಚೇತರಿಸಿಕೊಂಡಂತೆ ಕಂಡರೂ ಒಯ್ಯಬೇಕು, ಏಕೆಂದರೆ ಮೂತ್ರಪಿಂಡ ಮೊದಲಾದ ಅಂಗಗಳಿಗಾದ ಪೆಟ್ಟು ತಡವಾಗಿ ಕಾಣಿಸಿಕೊಳ್ಳಬಹುದು.

ಉಳಿದದ್ದು ಥರ್ಮಾಮೀಟರ್. ಇದು ನಾಯಿಯನ್ನು ತಂಪಾಗಿಡುವ ಯಾವ ಭರವಸೆಯನ್ನೂ ಕೊಡುವುದಿಲ್ಲ, ಇರುವುದನ್ನು ಇದ್ದಂತೆ ತೋರಿಸುತ್ತದೆ. ಮನೆಯವರಿಗೆ ನಾನು ಎಷ್ಟು ಹೇಳಿದರೂ ನಾಟದ್ದು, ಜನವರಿಯ ಮಧ್ಯಾಹ್ನ ಅದರ ಪರದೆಯ ಮೇಲೆ 41 ಎಂಬ ಅಂಕಿ ಕಂಡ ಮೇಲೆ ನಾಟಿತು. ಈಗ ಪೇಟೆಗೆ ಹೋಗುವುದಿದ್ದರೆ ಪಗ್ ಮನೆಯಲ್ಲಿಯೇ ಇರುತ್ತದೆ, ಇಲ್ಲವೇ ನಮ್ಮಲ್ಲೊಬ್ಬರು ಅದರ ಹಗ್ಗ ಹಿಡಿದು ಹೊರಗೆ ನೆರಳಿನಲ್ಲಿ ನಿಲ್ಲುತ್ತಾರೆ. ಇಂತಹುದೇ ಥರ್ಮಾಮೀಟರ್ ಬಿಡಿಯಾಗಿ 300 ರೂಪಾಯಿಯೊಳಗೆ ಸಿಗುತ್ತದೆ. ಪೂರ್ತಿ ಕಿಟ್ಟಿಗೆ ಹಣ ಕೊಡುವ ಅಗತ್ಯವಿಲ್ಲ. ಕೊಳ್ಳುವವರು ಸಂವೇದಕವನ್ನು ನೇರ ಬಿಸಿಲು ತಾಗದ ಕಡೆ ಕಟ್ಟಬೇಕು, ಇಲ್ಲದಿದ್ದರೆ ಅದು ಗಾಳಿಯ ಶಾಖವನ್ನು ಬಿಟ್ಟು ತನ್ನದೇ ಶಾಖವನ್ನು ತೋರಿಸುತ್ತದೆ. ಪರದೆಯನ್ನು ಹೊರಗೆ ನಿಂತವರಿಗೂ ಕಾಣುವಂತೆ ಪಕ್ಕದ ಗಾಜಿನ ಕಡೆಗೆ ತಿರುಗಿಸಿ ಅಂಟಿಸುವುದು ಒಳ್ಳೆಯದು.