ಸೌದೆ ಒಲೆಗೆ ಫೈರ್ ಬ್ರಿಕ್: ರಾತ್ರಿ ಹುರುಳಿಗೆ ಸೈ, ಬೆಳಗಿನ ಕಾಫಿಗೆ ಅಲ್ಲ

ಸೌದೆ ಒಲೆಯ ಒಳಮೈಗೆ ಗಟ್ಟಿ ಫೈರ್ ಬ್ರಿಕ್, ಅಂದರೆ ಉರಿ ತಾಳುವ ಜೇಡಿಯ ಇಟ್ಟಿಗೆ, ಹಾಕಿಸಿದ ಮೇಲೆ ನಮ್ಮ ಮನೆಯ ಹುರುಳಿಕಟ್ಟಿನ ರುಚಿಯೇ ಬೇರೆಯಾಗಿದೆ. ರಾತ್ರಿ ಮುದ್ದೆಯ ಪಾತ್ರೆ ಇಳಿಸಿ, ಕೆಂಡವನ್ನು ಒಳಕ್ಕೆ ತಳ್ಳಿ, ಮೇಲೆ ಬೂದಿ ಮುಚ್ಚುತ್ತೇನೆ. ನೆನೆದ ಹುರುಳಿಯನ್ನು ಒಂದು ಕುದಿ ಬರಿಸಿದ ಮಡಕೆಯನ್ನು ಅದರ ಮೇಲಿಟ್ಟು, ತಟ್ಟೆ ಮುಚ್ಚಿ ಮಲಗುತ್ತೇನೆ. ಬೆಂಕಿ ಆರಿದ ಮೇಲೂ ಇಟ್ಟಿಗೆ ಕಾವು ಬಿಡುತ್ತಲೇ ಇರುತ್ತದೆ. ಬೆಳಗ್ಗೆ ಕಾಳು ಬೆರಳಲ್ಲಿ ಒತ್ತಿದರೆ ಬೆಣ್ಣೆ. ಸಿಪ್ಪೆ ಮಾತ್ರ ಒಡೆದಿರುವುದಿಲ್ಲ. ಕುಕ್ಕರ್‌ನಲ್ಲಿ ನನಗೆ ಇದು ಎಂದೂ ಒಲಿದಿಲ್ಲ.

ನಮ್ಮದು ಶ್ರೀನಿವಾಸಪುರದ ಕಡೆ. ತೋಪಿನಲ್ಲಿ ಸವರಿದ ಮಾವಿನ ಕೊಂಬೆ, ನೀಲಗಿರಿ ಸೀಳು ಇರುವಾಗ ಉರುವಲಿಗೆ ಬರವಿಲ್ಲ. ಸೋಲುತ್ತಿದ್ದದ್ದು ಒಲೆಯ ಒಳಮೈ. ಮಾಲೂರಿನ ಇಟ್ಟಿಗೆ ಮನೆ ಕಟ್ಟಲು ಚೆನ್ನ, ಆದರೆ ದಿನವೂ ಕಾದು ಆರುವ ಜಾಗದಲ್ಲಿ ಅದರ ಮುಖ ಚಕ್ಕೆಯೇಳುತ್ತದೆ. ಕಲ್ಲಿಗೆ ಕೋಲಾರದಲ್ಲಿ ಕೊರತೆಯೇ? ಆದರೆ ಗ್ರಾನೈಟ್‌ನೊಳಗಿನ ಬೆಣಚುಹರಳು ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಹಿಗ್ಗುತ್ತದೆ, ಕಲ್ಲು ಸಿಡಿಯುತ್ತದೆ. ಉರಿಯುವ ಕೆಂಡ ಆ ಬಿಸಿಯನ್ನು ಸುಲಭವಾಗಿ ದಾಟುತ್ತದೆ. ಹೀಗಾಗಿ ಐಎಸ್ 8 ದರ್ಜೆಯ (ಹೆಚ್ಚು ಕಾವು ತಾಳುವ ಇಟ್ಟಿಗೆಯ ಭಾರತೀಯ ಮಾನಕ) ಫೈರ್ ಬ್ರಿಕ್ ತಂದೆವು. ಒಂದೊಂದೂ ಸುಮಾರು 4 ಕೆ.ಜಿ. ತೂಗುತ್ತದೆ; ಎರಡು ಕೈಯಲ್ಲಿ ಕೋಲು ಹಿಡಿದು ಮುದ್ದೆ ತಿರುವಿದರೂ ಅಲುಗುವುದಿಲ್ಲ.

ಇನ್ನು ಸಿಟ್ಟಿನ ವಿಷಯ. ಮೇಸ್ತ್ರಿಗೆ ಎಷ್ಟು ಹೇಳಿದರೂ ಕೇಳದೆ ಹಿಂಬದಿಯ ಸಂದುಗಳಿಗೆ ಸಿಮೆಂಟ್ ತುಂಬಿದ. ಅಷ್ಟು ಕಾವಿಗೆ ಸಿಮೆಂಟ್ ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಮರಳಾಗಿ ಉದುರಿತು. ಬಿಚ್ಚಿಸಿ, ಫೈರ್ ಕ್ಲೇ (ಉರಿ ತಾಳುವ ಜೇಡಿ) ಗಾರೆಯಲ್ಲಿ ಮತ್ತೆ ಕಟ್ಟಿಸಿದೆ. ಸಂದು ಎರಡು ಮೂರು ಮಿಲಿಮೀಟರ್ ದಾಟಬಾರದು. ಮೊದಮೊದಲು ಸಣ್ಣ ಉರಿಯಲ್ಲೇ ಒಣಗಿಸಬೇಕು.

ಅದು ಮೇಸ್ತ್ರಿಯ ತಪ್ಪು. ಇಟ್ಟಿಗೆಯದೇ ತಪ್ಪು ಕಾಣುವುದು ಬೆಳಗ್ಗೆ. ಅಷ್ಟು ಹೊತ್ತಿಗೆ ಕಾವು ಇಳಿದಿರುತ್ತದೆ, ಹೊಸ ಬೆಂಕಿಯ ಮೊದಲ ಪಾಲನ್ನೆಲ್ಲ ಇಟ್ಟಿಗೆಯೇ ಕುಡಿಯುತ್ತದೆ. ಹಳೆಯ ಒಲೆಯಲ್ಲಿ ನಾಲ್ಕು ಕಡ್ಡಿಗೆ ಆಗುತ್ತಿದ್ದ ಕಾಫಿಗೆ ಈಗ ಒಂದು ತೆಕ್ಕೆ ಪುಳ್ಳೆ ಬೇಕು. ನಮ್ಮ ಅತ್ತೆಯಂತೂ ಬೆಳಗಿನ ಕಾಫಿಯನ್ನು ಗ್ಯಾಸ್‌ಗೇ ವರ್ಗಾಯಿಸಿದ್ದಾರೆ.

ಬೇಗ ಕಾಯುವುದು ಹಗುರವಾದ ಇನ್ಸುಲೇಷನ್ ಇಟ್ಟಿಗೆ, ಅಂದರೆ ಕಾವನ್ನು ಆಚೆ ಬಿಡದೆ ತಡೆಯುವ ಇಟ್ಟಿಗೆ. ಗರಗಸದಲ್ಲಿ ಕೊಯ್ಯುವಷ್ಟು ಮೆದು, ಅದೇ ಅದರ ಶಾಪ. ತಂಗಿಯ ಮನೆಯಲ್ಲಿ ಬೆಂಕಿಯ ಮುಖಕ್ಕೇ ಅದನ್ನಿಟ್ಟಿದ್ದಾರೆ. ಸೌದೆ ತಳ್ಳಿದಾಗಲೆಲ್ಲ ಮೂಲೆ ಸವೆದು ಬಿಳಿ ಪುಡಿ ಬೀಳುತ್ತದೆ. ನಾವು ಅದನ್ನು ಗಟ್ಟಿ ಇಟ್ಟಿಗೆಯ ಹಿಂದೆ ಇಟ್ಟಿದ್ದೇವೆ. ಅಲ್ಲಿ ಅದು ಚಿನ್ನ: ಒಲೆಯ ಹೊರಗೋಡೆಗೆ ಮೊಮ್ಮಗು ಕೈ ತಾಗಿಸಿದರೂ ಈಗ ಭಯವಿಲ್ಲ.

ಹೊಗೆ ಕಡಿಮೆಯಾಗುತ್ತದೆಂದು ಯಾರಾದರೂ ಫೈರ್ ಬ್ರಿಕ್ ಮಾರಿದರೆ ನಂಬಬೇಡಿ. ಅದು ಜಾಲರಿ, ಗಾಳಿದಾರಿ, ಚಿಮಣಿಯ ಕೆಲಸ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ, ಹೊಗೆ ಕಡಿಮೆಯ ಸೌದೆ ಒಲೆಯಾದ ಅಸ್ತ್ರ ಒಲೆಯನ್ನು ಕಂಡವರಿಗೆ ಇದು ಗೊತ್ತು.

ಬೆಲೆ ಮಾಮೂಲಿ ಇಟ್ಟಿಗೆಯ ಹಲವು ಪಟ್ಟು. ಇಬ್ಬರೇ ಇರುವ ಮನೆಗೆ ನಾನಂತೂ ಹೇಳುವುದಿಲ್ಲ. ಎರಡು ಹೊತ್ತೂ ದೊಡ್ಡ ಪಾತ್ರೆ ಏರುವ ಮನೆಯಾದರೆ ಉರಿ ತಾಗುವ ಮೂರು ಬದಿಗಷ್ಟೇ ಕೊಳ್ಳಿ. ಅಂಗಡಿಯಲ್ಲೇ ಒಂದಕ್ಕೊಂದು ತಟ್ಟಿ ನೋಡಿ, ಠಣ್ ಎನ್ನದ್ದನ್ನು ಅಲ್ಲೇ ಬಿಟ್ಟು ಬನ್ನಿ.